ಓಟಿಯ ಗಾಳಿಗೂ ಒಂದು ಲೆಕ್ಕ ಇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಹೊಸ ಆಪರೇಷನ್ ಥಿಯೇಟರ್ (ಓಟಿ) ಉದ್ಘಾಟನೆಯ ಫೋಟೊ ನೋಡಿದೆ. ಮೇಲೆ ತಾವರೆ ಹೂವಿನಂಥ ದೊಡ್ಡ ದೀಪ, ಕೆಳಗೆ ಫಳಫಳ ಹೊಳೆಯುವ ಟೇಬಲ್, ಸುತ್ತ ಹದಿನೈದು ಜನ. ಹದಿನೈದು ಜನರ ಕಾಲಲ್ಲೂ ಹೊರಗಿನ ಚಪ್ಪಲಿ! ನಗು ಬಂತು. ಅದೇ ಪುಟದ ಕೆಳಗೆ ಇನ್ನೊಂದು ಸುದ್ದಿ ಇತ್ತು. ಜ್ವರ, ಕೆಮ್ಮು ಅಂತ ಬರುವವರು ಜಾಸ್ತಿಯಾಗಿದ್ದಾರೆ, ಎಲ್ಲರೂ ಮಾಸ್ಕ್ ಹಾಕಿಕೊಳ್ಳಿ ಅಂತ. ಮೇಲಿನ ಸುದ್ದಿಗೂ ಕೆಳಗಿನ ಸುದ್ದಿಗೂ ನಂಟಿದೆ ಅಂತ ಪುಟ ಕಟ್ಟಿದವರಿಗೆ ಅನಿಸಿರಲಿಕ್ಕಿಲ್ಲ. ನನಗೆ ಅನಿಸಿತು. 31 ವರ್ಷ ಸರ್ಕಾರಿ ಆಸ್ಪತ್ರೆಗಳ ಓಟಿಯಲ್ಲಿ ಕಳೆದವಳು ನಾನು. ಕಾಗದದಲ್ಲಿ ಶುಶ್ರೂಷಾಧಿಕಾರಿ, ಜನರ ಬಾಯಲ್ಲಿ ಸಿಸ್ಟರ್. ಈಗ ರಿಟೈರ್ ಆಗಿ ಮನೆಯಲ್ಲಿದ್ದೇನೆ.

ಒಂದು ರಾತ್ರಿಯ ವಿಷಯ ಹೇಳಬೇಕು. ಆಸ್ಪತ್ರೆಯ ಹೆಸರು ಬೇಡ. ಇಂಥದ್ದು ಅಲ್ಲಿ ಮಾತ್ರ ನಡೆದಿದ್ದೂ ಅಲ್ಲ.

2020ರ ಆಗಸ್ಟ್. ರಾತ್ರಿ ಒಂಬತ್ತೂವರೆಗೆ ಆಂಬುಲೆನ್ಸಿನಲ್ಲಿ ಒಬ್ಬ ಬಸುರಿ ಬಂದಳು. ಬಿಪಿ ಏರಿ ದಾರಿಯಲ್ಲೇ ಫಿಟ್ಸ್ ಬಂದಿತ್ತು. ರ‍್ಯಾಪಿಡ್ ಆಂಟಿಜೆನ್ ಟೆಸ್ಟ್ ಮಾಡಿದೆವು, ನೆಗೆಟಿವ್. ಆರ್‌ಟಿ–ಪಿಸಿಆರ್‌ಗೆ ಸ್ವಾಬ್ ಕಳಿಸಿದೆವು, ಅದು ಬರುವುದು ನಾಳೆ ಸಂಜೆಗೆ. ಅಲ್ಲಿಯವರೆಗೆ ಕಾಯುವ ಕೇಸ್ ಅದಲ್ಲ. ಟೆಸ್ಟ್ ಬಂದಿಲ್ಲ ಅಂತ ಹೆರಿಗೆ, ತುರ್ತು ಆಪರೇಷನ್ ನಿಲ್ಲಿಸಬಾರದು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಆ ವರ್ಷ ಮೇ ತಿಂಗಳಲ್ಲೇ ಹೇಳಿತ್ತು. ಸಿಜೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ. ರೋಗಿ ತಾನೇ ಉಸಿರಾಡಿಕೊಂಡು, ಮಾಸ್ಕ್ ಹಾಕಿಕೊಂಡು ಮಲಗಿರುತ್ತಾಳೆ, ನಮಗೂ ಅಪಾಯ ಕಡಿಮೆ. ಇವಳಿಗೆ ಫಿಟ್ಸ್ ಬಂದಿದ್ದರಿಂದ ಪೂರ್ತಿ ಮತ್ತು ಬರಿಸಿ ಗಂಟಲಿಗೆ ಟ್ಯೂಬ್ ಹಾಕಲೇಬೇಕಾಯಿತು.

ಮಗು ಬಂತು, ಅತ್ತಿತು, ಎಲ್ಲ ಸರಿ ಹೋಯಿತು. ಕಷ್ಟ ಇದ್ದಿದ್ದು ಕೊನೆಯಲ್ಲಿ. ಟ್ಯೂಬ್ ತೆಗೆಯುವ ಹೊತ್ತಿಗೆ ಎಂಜಲು ಎಳೆಯಲಿಕ್ಕೆ ಬಾಯಿಗೆ ಸಕ್ಷನ್ ಪೈಪು ಹಾಕುತ್ತಾರೆ, ಆಗ ರೋಗಿ ಕೆಮ್ಮುತ್ತಾರೆ. ಇವಳು ಮೂರು ನಾಲ್ಕು ಸಲ ಜೋರಾಗಿ ಕೆಮ್ಮಿದಳು. ತಲೆಯ ಮೇಲಿನ ದೀಪದ ಬೆಳಕಿನಲ್ಲಿ ತುಂತುರು ಹಾರಿದ್ದನ್ನು ಕಣ್ಣಾರೆ ಕಂಡೆ. ಕಣ್ಣಿಗೆ ಕಂಡ ಹನಿ ಕೆಳಗೆ ಬೀಳುತ್ತೆ. ಕಾಣದೇ ಇರೋ ಸಣ್ಣ ಹನಿ ಹೊಗೆಯ ಹಾಗೆ ಗಾಳಿಯಲ್ಲೇ ನಿಲ್ಲುತ್ತೆ. ಆಗ ಗಂಟೆ 11 ದಾಟಿ ಐದು ನಿಮಿಷ. ರಿಜಿಸ್ಟರ್‌ನಲ್ಲಿ ನಾನೇ ಬರೆದಿದ್ದು.

ಒಳಗಿದ್ದ ನಾವು ನಾಲ್ಕೂ ಜನ ಪಿಪಿಇ ಹಾಕಿದ್ದೆವು. ಬಾಗಿಲ ಹೊರಗೆ ನಮ್ಮ ಆಯಾ ಬಕೆಟ್ಟು, ಮಾಪು ಹಿಡಿದು ನಿಂತಿದ್ದಳು. ಮುಖಕ್ಕೆ ಎರಡು ಪದರದ ಬಟ್ಟೆ ಮಾಸ್ಕ್. ಪಕ್ಕದ ಲೇಬರ್ ವಾರ್ಡಿನಲ್ಲಿ ಇನ್ನೊಂದು ಸಿಜೇರಿಯನ್ ಕಾಯುತ್ತಿತ್ತು, ಡಾಕ್ಟರು ಅವಸರ ಮಾಡುತ್ತಿದ್ದರು. ರೋಗಿಯನ್ನು ಟ್ರಾಲಿಯಲ್ಲಿ ಹೊರಗೆ ತಳ್ಳಿದ ಕೂಡಲೇ ಆಯಾ ಕೇಳಿದಳು: ‘ಹೋಗ್ಲಾ ಸಿಸ್ಟರ್?’

‘ಹೋಗು’ ಅಂದೆ. ಆಗ 11.15. ಸರಿಯಾಗಿ ಹತ್ತು ನಿಮಿಷ ಆಗಿತ್ತು.

ಮರುದಿನ ಸಂಜೆ ರಿಪೋರ್ಟ್ ಬಂತು, ಪಾಸಿಟಿವ್. ಆರನೇ ದಿನ ಆಯಾಗೆ ಜ್ವರ. ಹನ್ನೆರಡು ದಿನ ಕೋವಿಡ್ ವಾರ್ಡಿನಲ್ಲಿ ಆಕ್ಸಿಜನ್ ಮೇಲಿದ್ದಳು. ದೇವರು ದೊಡ್ಡವನು, ಬದುಕಿ ಬಂದಳು. ಸೋಂಕು ಓಟಿಯಲ್ಲೇ ತಗುಲಿತೋ, ಬಸ್ಸಿನಲ್ಲೋ, ವಾರ್ಡಿನಲ್ಲೋ, ಯಾರು ಹೇಳಬಲ್ಲರು? ಅವಳು ಒಂದು ದಿನವೂ ನನ್ನನ್ನು ದೂರಲಿಲ್ಲ. ಒಳಗೆ ಟೇಬಲ್ ಹತ್ತಿರ ಇದ್ದ ನಮಗೆ ಯಾರಿಗೂ ಏನೂ ಆಗಲಿಲ್ಲ ಅನ್ನೋದು ಮಾತ್ರ ನನ್ನ ತಲೆಯಿಂದ ಇಳಿದಿಲ್ಲ.

ಇಲ್ಲಿಂದ ಮುಂದೆ ಸ್ವಲ್ಪ ಗಾಳಿಯ ಮಾತು. ಬೇಸರ ಮಾಡಿಕೊಳ್ಳಬೇಡಿ.

ಓಟಿಯ ಗಾಳಿಯನ್ನು ಗಾಯದ ಸಲುವಾಗಿ ಕಟ್ಟಿರುತ್ತಾರೆ. ಹೊಟ್ಟೆ ತೆರೆದಾಗ ಕಾರಿಡಾರಿನ ದೂಳು ಒಳಗೆ ಬಂದು ನಂಜಾಗಬಾರದು. ಅದಕ್ಕೇ ಒಳ್ಳೆಯ ಓಟಿಯಲ್ಲಿ ಸೋಸಿದ ಗಾಳಿಯನ್ನು ಜಾಸ್ತಿ ಒತ್ತಡದಲ್ಲಿ ಒಳಗೆ ತಳ್ಳುತ್ತಾರೆ. ಬಾಗಿಲು ತೆರೆದರೆ ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು. ಇದನ್ನು ಪಾಸಿಟಿವ್ ಪ್ರೆಶರ್ ಅನ್ನುತ್ತಾರೆ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಲೆಕ್ಕದಲ್ಲಿ ಓಟಿಯ ಗಾಳಿ ಗಂಟೆಗೆ ಕನಿಷ್ಠ 20 ಸಲ ಬದಲಾಗಬೇಕು. ಅದರಲ್ಲಿ ಕನಿಷ್ಠ 4 ಸಲದ್ದು ಹೊರಗಿನಿಂದ ತಂದು ಸೋಸಿದ ತಾಜಾ ಗಾಳಿ ಆಗಿರಬೇಕು.

ಉಸಿರಿನಿಂದ ಹರಡುವ ರೋಗ ಬಂದಾಗ ಈ ಏರ್ಪಾಡೇ ತಿರುಗುಬಾಣ. ಈಗ ಕಾರಿಡಾರಿನಿಂದ ಗಾಯವನ್ನು ಕಾಪಾಡಿದರೆ ಸಾಲದು, ರೋಗಿಯ ಉಸಿರಿನಿಂದ ಕಾರಿಡಾರನ್ನೂ ಕಾಪಾಡಬೇಕು. ಒತ್ತಡ ಒಳಗೆ ಜಾಸ್ತಿಯಿದ್ದರೆ ರೋಗಿ ಕೆಮ್ಮಿದ ಗಾಳಿ ಬಾಗಿಲ ಸಂದಿಯಿಂದ ಹೊರಗೆ ಹೋಗುತ್ತೆ. ಬಾಗಿಲ ಹೊರಗೆ ಬಕೆಟ್ಟು ಹಿಡಿದು ನಿಂತಿರೋದು ಯಾರು? ಒತ್ತಡ ಕಡಿಮೆ ಮಾಡಿದರೆ ದೂಳು ಗಾಯಕ್ಕೆ ಬರುತ್ತೆ. ಅತ್ತ ದರಿ, ಇತ್ತ ಪುಲಿ. ದೊಡ್ಡ ಆಸ್ಪತ್ರೆಗಳಲ್ಲಿ ಓಟಿಗೂ ಕಾರಿಡಾರಿಗೂ ನಡುವೆ ಒಂದು ಸಣ್ಣ ಕೋಣೆ ಇಟ್ಟು, ಅಲ್ಲಿಂದ ಗಾಳಿ ಹೊರಗೆ ಎಳೆದು ಇದನ್ನು ಬಗೆಹರಿಸಿದರು. ಇಲ್ಲವೇ ಒಂದು ಓಟಿಯನ್ನೇ ಕೋವಿಡ್‌ಗೆ ಅಂತ ಬೇರೆ ಮಾಡಿ ಅದರ ಒತ್ತಡ ತಗ್ಗಿಸಿದರು.

ನಮ್ಮಲ್ಲಿ ಏನಿತ್ತು? ಗೋಡೆಗೆ ಎರಡು ಸ್ಪ್ಲಿಟ್ ಎಸಿ. ಅಷ್ಟೇ.

ಸ್ಪ್ಲಿಟ್ ಎಸಿ ಹೊರಗಿನಿಂದ ಗಾಳಿ ತರುತ್ತೆ ಅಂತ ಎಷ್ಟೋ ಜನ ತಿಳಿದುಕೊಂಡಿದ್ದಾರೆ. ತರೋದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಅದೇ ಕೋಣೆಗೆ ಬಿಡುತ್ತೆ. ಹೊರಗಿರುವ ಪೆಟ್ಟಿಗೆ ಬಿಸಿ ಹೊರಹಾಕಲಿಕ್ಕೆ ಮಾತ್ರ. ಒಳಗಿನ ಜಾಳಿಗೆ ದೂಳು ಹಿಡಿಯುತ್ತೆ, ವೈರಸ್ ಹಿಡಿಯೋದಿಲ್ಲ.

ಆಯಾ ವಾರ್ಡಿನಲ್ಲಿದ್ದಾಗ ನಮ್ಮ ಅನಸ್ತೇಶಿಯಾ ಡಾಕ್ಟರು ಒಂದು ಕೆಲಸ ಮಾಡಿದರು. ಭಾನುವಾರ, ಕೇಸ್ ಇರಲಿಲ್ಲ, ಆಕ್ಸಿಜನ್ ಪೂರ್ತಿ ಬಂದ್ ಮಾಡಿಸಿದ್ದರು. ‘ಸಿಸ್ಟರ್, ಒಂದು ಊದುಬತ್ತಿ ಕೊಡಿ’ ಅಂದರು. ಸ್ಟೋರಿನ ಗಣಪತಿ ಫೋಟೊ ಮುಂದಿನ ಪ್ಯಾಕೆಟ್ಟಿನಿಂದ ತಂದುಕೊಟ್ಟೆ. ಟೇಬಲ್‌ನ ತಲೆಯ ಕಡೆ, ರೋಗಿಯ ಬಾಯಿ ಇರುವ ಜಾಗದಲ್ಲಿ ಹಚ್ಚಿ ಹಿಡಿದರು. ಹೊಗೆ ನೆಟ್ಟಗೆ ಒಂದು ಮೊಳ ಮೇಲೆದ್ದಿತು. ಆಮೇಲೆ ಬಾಗಿ ಎಸಿ ಕಡೆ ಹೋಯಿತು. ಅದರ ಬಾಯಿಗೆ ಸಿಕ್ಕಿ ಚದುರಿತು. ಅಲ್ಲಿಂದ ಸರ್ಜನ್ ಕೈಗೆ ಇನ್‌ಸ್ಟ್ರುಮೆಂಟ್ ಕೊಡುವ ಸ್ಕ್ರಬ್ ಸಿಸ್ಟರ್ ನಿಲ್ಲುವ ಕಡೆಗೆ, ಅಂದರೆ ನಾನು ದಿನಾ ನಿಲ್ಲುವ ಜಾಗಕ್ಕೆ ಇಳಿದು, ಮತ್ತೆ ಸುತ್ತು ಹೊಡೆಯಿತು. ಬಾಗಿಲ ಸಂದಿಗೆ ಹಿಡಿದರೆ ಒಂದು ಸಲ ಹೊರಗೆ, ಒಂದು ಸಲ ಒಳಗೆ, ಅದಕ್ಕೇ ಗೊತ್ತಿಲ್ಲದ ಹಾಗೆ. ಊದುಬತ್ತಿ ಆರಿಸಿ, ಬಾಗಿಲು ಹಾಕಿ ಚಹಾಕ್ಕೆ ಹೋದೆವು. ಮುಕ್ಕಾಲು ಗಂಟೆ ಬಿಟ್ಟು ಬಂದು ಬಾಗಿಲು ತೆಗೆದರೆ ದೇವರ ಮನೆಗೆ ಕಾಲಿಟ್ಟ ಹಾಗೆ ಘಮ್ ಅಂತಿತ್ತು.

ವಾಸನೆ ಬೇರೆ, ವೈರಸ್ ಬೇರೆ ಅಂತ ತಿಳಿದವರು ಹೇಳಬಹುದು. ಒಪ್ಪಿದೆ. ಆದರೆ ಗಾಳಿಗೆ ಹೋಗಲಿಕ್ಕೆ ದಾರಿಯೇ ಇಲ್ಲ ಅಂತ ನಮಗೆ ತೋರಿಸಿಕೊಟ್ಟಿದ್ದು ಆ ಊದುಬತ್ತಿ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯದೊಂದು ಪಟ್ಟಿ ಇದೆ, ಡಾಕ್ಟರು ಅದನ್ನು ಪ್ರಿಂಟ್ ತೆಗೆದು ತಂದರು. ಗಾಳಿಯಲ್ಲಿ ತೇಲುವ ಕಣಗಳಲ್ಲಿ ಸಾವಿರಕ್ಕೆ 999 ಹೊರಗೆ ಹೋಗಲಿಕ್ಕೆ ಎಷ್ಟು ಹೊತ್ತು ಬೇಕು ಅನ್ನೋ ಲೆಕ್ಕ. ಗಾಳಿ ಗಂಟೆಗೆ 20 ಸಲ ಬದಲಾದರೆ 21 ನಿಮಿಷ. 12 ಸಲ ಆದರೆ 35 ನಿಮಿಷ. 6 ಸಲ ಆದರೆ 69 ನಿಮಿಷ. ಅದೂ ಗಾಳಿ ಮೂಲೆಮೂಲೆಗೂ ಸರಿಯಾಗಿ ಬೆರೆತರೆ ಮಾತ್ರ. ಗಂಟೆಗೆ 20 ಸಲ ಗಾಳಿ ಬದಲಾಗುವ ಓಟಿಯಲ್ಲೂ 21 ನಿಮಿಷ ಬೇಕು. ನಾನು ಆಯಾನ್ನು ಹತ್ತು ನಿಮಿಷಕ್ಕೆ ಒಳಗೆ ಕಳಿಸಿದ್ದೆ, ಅದೂ ಗಾಳಿಯ ಲೆಕ್ಕವೇ ಇಲ್ಲದ ಕೋಣೆಗೆ.

ಆಮೇಲೆ ನಾವು ಮಾಡಿದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಊರಿನ ಎಲೆಕ್ಟ್ರಿಷಿಯನ್ ಕರೆಸಿ, ರೋಗಿಯ ತಲೆಯ ಕಡೆಯ ಗೋಡೆಯಲ್ಲಿ ಕೆಳಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆವು. ಅದರ ಬಾಯಿ ಹಿಂದಿನ ಖಾಲಿ ಜಾಗಕ್ಕೆ, ಜನ ಓಡಾಡದ ಕಡೆ. ದಿನಾ ಅದನ್ನು ಹಾಕುವಂತಿಲ್ಲ, ದೂಳನ್ನು ಒಳಗೆ ಎಳೆಯುತ್ತೆ. ಕೋವಿಡ್ ಇರಬಹುದು ಅನ್ನೋ ಕೇಸಿಗೆ ಮಾತ್ರ, ಟ್ಯೂಬ್ ಹಾಕುವಾಗ, ತೆಗೆಯುವಾಗ, ತೆಗೆದ ಮೇಲೆ. ಇದು ತೇಪೆ ಅಂತ ನಮಗೂ ಗೊತ್ತಿತ್ತು. ಬಾಗಿಲ ಪಕ್ಕ ಮಕ್ಕಳ ಕಪ್ಪು ಸ್ಲೇಟು ಒಂದನ್ನು ನೇತುಹಾಕಿ, ಅದರಲ್ಲಿ ಎರಡೇ ಸಾಲು ಬರೆಯುತ್ತಿದ್ದೆವು. ‘ಟ್ಯೂಬ್ ತೆಗೆದದ್ದು’ ಅಂತ ಒಂದು ಟೈಮ್. ‘ಒಳಗೆ ಹೋಗುವುದು’ ಅಂತ ಇನ್ನೊಂದು ಟೈಮ್. ನಡುವೆ 70 ನಿಮಿಷ. ತೀರಾ ತುರ್ತು ಕೇಸ್ ಬಂದರೆ ಪಕ್ಕದ ಮೈನರ್ ಓಟಿ. ಸರ್ಜನ್ ಬಂದು ಕೂಗಾಡಿದರೂ ಆಯಾ ಸ್ಲೇಟು ತೋರಿಸುತ್ತಿದ್ದಳು. ಬಾಯಲ್ಲಿ ಹೇಳಿದ್ದರೆ ಅವಳ ಮಾತು ಯಾರು ಕೇಳುತ್ತಿದ್ದರು?

ಆ ಕಾಲದಲ್ಲಿ ದುಡ್ಡು, ಗಮನ ಎಲ್ಲ ಬೇರೆ ಕಡೆಗೇ ಹೋಯಿತು. ದಾನಿಗಳೊಬ್ಬರು ಅಕ್ರಿಲಿಕ್ ಪೆಟ್ಟಿಗೆ ಕೊಟ್ಟರು. ರೋಗಿಯ ತಲೆಯ ಮೇಲೆ ಮುಚ್ಚಿ, ಎರಡು ತೂತಿನಲ್ಲಿ ಕೈ ತೂರಿಸಿ ಟ್ಯೂಬ್ ಹಾಕುವ ಪೆಟ್ಟಿಗೆ. ತೈವಾನಿನ ಡಾಕ್ಟರೊಬ್ಬರ ಐಡಿಯಾ, ಮೂರೇ ತಿಂಗಳಲ್ಲಿ ಲೋಕವೆಲ್ಲ ಸುತ್ತಿತು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದು, ಮೇಲೆ ಅವರ ಹೆಸರೂ ಅಂಟಿಸಿತ್ತು. ಆದರೆ ಒಳಗೆ ಕೈ ಆಡುತ್ತಿರಲಿಲ್ಲ, ಟ್ಯೂಬ್ ಹಾಕುವುದು ತಡವಾಗುತ್ತಿತ್ತು. ಅದೇ ಆಗಸ್ಟಿನಲ್ಲಿ ಔಷಧಿ, ವೈದ್ಯಕೀಯ ಸಲಕರಣೆಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ ಅಂಥ ಪೆಟ್ಟಿಗೆಗೆ ಕೊಟ್ಟಿದ್ದ ತುರ್ತು ಅನುಮತಿ ವಾಪಸ್ ಪಡೆಯಿತು. ನಮ್ಮ ಪೆಟ್ಟಿಗೆಯಲ್ಲಿ ಹಳೇ ರಿಜಿಸ್ಟರ್ ಇಟ್ಟೆವು.

ಇನ್ನೊಂದು ಫ್ಯೂಮಿಗೇಶನ್. ಇದರ ಬಗ್ಗೆ ನನ್ನ ಸಿಟ್ಟು ಹಳೆಯದು. ಶನಿವಾರ ರಾತ್ರಿ ಬಕೆಟ್ಟಿನಲ್ಲಿ ಪೊಟ್ಯಾಸಿಯಮ್ ಪರ್ಮಾಂಗನೇಟ್ ಇಟ್ಟು ಫಾರ್ಮಲಿನ್ ಸುರಿದು, ಕೊತಕೊತ ಕುದಿಯುವಾಗ ಓಡಿ ಹೊರಗೆ ಬಂದು, ಬಾಗಿಲ ಸಂದಿಗೆಲ್ಲ ಟೇಪು ಅಂಟಿಸುತ್ತಿದ್ದೆವು. ಸೋಮವಾರ ತೆಗೆದರೆ ಕಣ್ಣು, ಗಂಟಲು ಉರಿ. ಫಾರ್ಮಲಿನ್‌ನಿಂದ ಏಳುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಹೇಳಿದೆ. ಈಗ ಬೇರೆ ಔಷಧಿಯ ಫಾಗರ್ ಮೆಷಿನ್ ಬಂದಿವೆ. ಆದರೂ ‘ಹೊಗೆ ಹಾಕಿದರೆ ಕ್ಲೀನ್’ ಅನ್ನೋ ನಂಬಿಕೆ ಹೋಗಿಲ್ಲ. ಕೋವಿಡ್‌ಗೆ ಕೋಣೆಯೊಳಗೆ ಔಷಧಿ ಸಿಂಪಡಿಸುವುದು, ಫಾಗಿಂಗ್ ಮಾಡುವುದು ಬೇಡ ಅಂತ ಅದೇ ಸಂಸ್ಥೆ 2020ರ ಮೇನಲ್ಲಿ ಹೇಳಿತ್ತು. ಬೇಕಾಗಿದ್ದು ಬಟ್ಟೆ, ಬಕೆಟ್ಟು, ರಟ್ಟೆಯ ಬಲ. ಮೊದಲು ಸೋಪು ನೀರಿನಲ್ಲಿ ಕೊಳೆ ತೆಗೆಯಬೇಕು. ಆಮೇಲೆ 1 ಪರ್ಸೆಂಟ್ ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್ ಬ್ಲೀಚ್. ಅಂಗಡಿಯ 5 ಪರ್ಸೆಂಟ್ ಹೈಪೋ ಒಂದು ಲೋಟಕ್ಕೆ ನೀರು ನಾಲ್ಕು ಲೋಟ. ಒರೆಸಿದ ಮೇಲೆ ಹತ್ತು ನಿಮಿಷ ಹಸಿಯಾಗೇ ಬಿಡಬೇಕು. ನಮ್ಮವರು ಹಿಂದೆಯೇ ಒಣಬಟ್ಟೆ ಹಿಡಿದು ಹೋಗುತ್ತಾರೆ, ಹೊಳೆಯಬೇಕಲ್ವಾ! ಮಾನಿಟರ್ ಗುಂಡಿ, ಎಸಿ ರಿಮೋಟ್, ಟೇಬಲ್‌ನ ಹ್ಯಾಂಡಲ್, ಬಾಗಿಲ ಹಿಡಿಕೆ ಇವೆಲ್ಲ ಮರೆತೇ ಹೋಗುತ್ತವೆ. ಸ್ಟೀಲಿನ ಇನ್‌ಸ್ಟ್ರುಮೆಂಟ್‌ಗೆ ಹೈಪೋ ತಾಗಿಸಬಾರದು, ತುಕ್ಕು ತಿನ್ನುತ್ತೆ.

ಮಾಸ್ಕಿನ ಬಗ್ಗೆ ಒಂದೇ ಮಾತು. ಮುಂದೆ ಗುಂಡಿಯಂಥ ವಾಲ್ವ್ ಇರುವ ಎನ್95 ಓಟಿಗೆ ತರಬೇಡಿ. ಉಸಿರು ಎಳೆದಾಗ ಸೋಸುತ್ತೆ, ಬಿಟ್ಟಾಗ ಸೋಸೋದಿಲ್ಲ. ಬಿಟ್ಟ ಉಸಿರು ನೇರ ತೆರೆದ ಗಾಯದ ಮೇಲೆ. ವಾಲ್ವ್ ಇರುವ ಮಾಸ್ಕ್ ಬೇಡ ಅಂತ ಕೇಂದ್ರ ಆರೋಗ್ಯ ಇಲಾಖೆ 2020ರ ಜುಲೈನಲ್ಲಿ ರಾಜ್ಯಗಳಿಗೆ ಪತ್ರ ಬರೆದಿತ್ತು. ನಮ್ಮಲ್ಲಿ ಡಿಸೆಂಬರಿನವರೆಗೂ ಅದೇ ಸಪ್ಲೈ ಬಂತು.

ಓದುಗರಿಗೂ ಒಂದು ವಿನಂತಿ ಇದೆ. ದಯವಿಟ್ಟು ಕೆಮ್ಮು ಮುಚ್ಚಿಡಬೇಡಿ. ಆಯುಷ್ಮಾನ್ ಕಾರ್ಡಿನಲ್ಲಿ ಅಪ್ರೂವಲ್ ಸಿಕ್ಕಿದೆ, ಮಗ ಬೆಂಗಳೂರಿನಿಂದ ರಜೆ ಹಾಕಿ ಬಂದಿದ್ದಾನೆ, ಈಗ ನೆಗಡಿ ಅಂದರೆ ಡೇಟ್ ಮುಂದೆ ಹಾಕುತ್ತಾರೆ ಅಂತ ಮುಚ್ಚಿಡುತ್ತಾರೆ. ಹರ್ನಿಯಾ ಆಪರೇಷನ್‌ಗೆ ಬಂದ ಒಬ್ಬ ಅಜ್ಜ ಕೆಮ್ಮು ಬಾರದಿರಲಿ ಅಂತ ದವಡೆಯಲ್ಲಿ ಶುಂಠಿ ಚೂರು ಒತ್ತಿಕೊಂಡೇ ಟೇಬಲ್ ಹತ್ತಿದ್ದರು. ಬಾಯಿ ತೆಗೆಸಿ ನೋಡಿದಾಗ ಸಿಕ್ಕಿತು. ಟ್ಯೂಬ್ ಹಾಕುವಾಗ ಆ ಚೂರು ಗಂಟಲಿಗೆ ಇಳಿದಿದ್ದರೆ? ನಮಗೆ ಹರಡುವ ಮಾತು ಆಮೇಲೆ, ಮೊದಲ ಅಪಾಯ ರೋಗಿಗೇ. ಕೋವಿಡ್‌ನ ಮೊದಲ ತಿಂಗಳುಗಳಲ್ಲಿ, ಲಸಿಕೆ ಇಲ್ಲದ ಕಾಲದಲ್ಲಿ, ಸೋಂಕಿದ್ದಾಗ ಆಪರೇಷನ್ ಆದ 1,128 ಜನರ ಲೆಕ್ಕವನ್ನು ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತ್ತು. ಒಂದು ತಿಂಗಳೊಳಗೆ ಹತ್ತಿರಹತ್ತಿರ ನಾಲ್ವರಲ್ಲಿ ಒಬ್ಬರು ತೀರಿಕೊಂಡಿದ್ದರು. ಆಮೇಲೆ ಸಂಶೋಧಕರು 1.4 ಲಕ್ಷ ರೋಗಿಗಳನ್ನು ನೋಡಿ, ಅವಸರವಿಲ್ಲದ ಆಪರೇಷನ್ ಆದರೆ ಕೋವಿಡ್ ಆಗಿ ಏಳು ವಾರ ತಡೆಯುವುದು ಒಳ್ಳೆಯದು ಅಂತ ಹೇಳಿದರು. ಈಗ ಕಾಲ ಅಷ್ಟು ಕೆಟ್ಟಿಲ್ಲ. ಆದರೂ ಹರ್ನಿಯಾ ಕಾಯುತ್ತೆ. ಎಷ್ಟು ದಿನ ಕಾಯಬೇಕು ಅಂತ ಡಾಕ್ಟರು ಹೇಳಲಿ. ಕೆಮ್ಮು ಇದೆ ಅಂತ ನೀವು ಹೇಳಿ.

2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಿಗೆ ನೆಗಡಿ, ಕೆಮ್ಮು ತರುವ ಎಚ್‌ಎಂಪಿವಿ ವೈರಸ್ ಬಂದಿದೆ ಅಂದಾಗ ಟಿವಿಯವರು ಎಷ್ಟು ಗದ್ದಲ ಎಬ್ಬಿಸಿದರು! ಹಳೆಯ ವೈರಸ್, ಹೊಸ ಭಯ. ವಾರ ಕಳೆದ ಮೇಲೆ ಎಲ್ಲ ಮರೆತರು. ಆ ಒಂದು ವಾರದಲ್ಲಿ ನಮ್ಮ ತಾಲ್ಲೂಕು ಆಸ್ಪತ್ರೆಗಳ ಓಟಿಯಲ್ಲಿ ಗಾಳಿ ಹೇಗೆ ಓಡುತ್ತೆ ಅಂತ ಯಾವ ಚಾನೆಲ್ಲಿನವರೂ ಕೇಳಿದ್ದು ನಾನು ನೋಡಲಿಲ್ಲ.

ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ಆರೋಗ್ಯ ಇಲಾಖೆಯವರಿಗೆ ಕೇಳುವುದು ಇಷ್ಟೇ. ಮುಂದಿನ ರೋಗ ಬರುವ ಮುಂಚೆ ಪ್ರತಿ ತಾಲ್ಲೂಕು ಆಸ್ಪತ್ರೆಯ ಓಟಿಗೆ ಒಬ್ಬ ಗಾಳಿಯ ಇಂಜಿನಿಯರನ್ನು ಕಳಿಸಿ. ಗಂಟೆಗೆ ಎಷ್ಟು ಸಲ ಗಾಳಿ ಬದಲಾಗುತ್ತೆ ಅಂತ ಅಳೆಯಲಿ. ಆ ಅಂಕಿ ಬಾಗಿಲ ಮೇಲೆ ದೊಡ್ಡದಾಗಿ ಬರೆಸಿ. ಅದರ ಕೆಳಗೇ, ಟ್ಯೂಬ್ ತೆಗೆದ ಮೇಲೆ ಎಷ್ಟು ನಿಮಿಷ ಯಾರೂ ಒಳಗೆ ಹೋಗಬಾರದು ಅಂತಲೂ ಬರೆಸಿ. ಸ್ಪ್ಲಿಟ್ ಎಸಿ ಮಾತ್ರ ಇರುವ ಓಟಿಗೆ ಸೋಸಿದ ತಾಜಾ ಗಾಳಿ ಬರುವ ದಾರಿ ಮಾಡಿಕೊಡಿ. ರೋಗಿಯ ಬಾಯಿಗೂ ಅನಸ್ತೇಶಿಯಾ ಮೆಷಿನ್ನಿನ ಪೈಪಿಗೂ ನಡುವೆ ಹಾಕುವ ವೈರಲ್ ಫಿಲ್ಟರ್ ನಿಂಬೆಹಣ್ಣಿನಷ್ಟು ದೊಡ್ಡದು, ಒಬ್ಬರಿಗೆ ಒಂದು. ಅದನ್ನು ಲೆಕ್ಕ ಹಾಕಿ ಕೊಡಬೇಡಿ, ಸಾಕಷ್ಟು ಕೊಡಿ. ಎನ್95 ಹಂಚುವಾಗ ಡಾಕ್ಟರು, ಸಿಸ್ಟರ್ ಆದಮೇಲೆ ಉಳಿದರೆ ಗ್ರೂಪ್ ಡಿ ಅನ್ನೋ ಪದ್ಧತಿ ಇದೆಯಲ್ಲ, ಅದನ್ನು ಮೊದಲು ಬಿಡಿ. ಆ ಕೋಣೆಗೆ ಎಲ್ಲರಿಗಿಂತ ಬೇಗ ಕಾಲಿಟ್ಟು, ನೆಲದ ಮೇಲೆ ಬಗ್ಗಿ ರಕ್ತ, ಎಂಜಲು ಒರೆಸುವವರು ಅವರು.

ಮೊನ್ನೆ ತಂಗಿಯ ಮಗಳ ಹೆರಿಗೆ ಅಂತ ಅದೇ ಆಸ್ಪತ್ರೆಗೆ ಹೋಗಿದ್ದೆ. ಎಸಿ ಹೊಸದು ಬಂದಿದೆ. ಎಕ್ಸಾಸ್ಟ್ ಫ್ಯಾನಿನ ಬಾಯಿಗೆ ಪಾರಿವಾಳ ಬರುತ್ತೆ ಅಂತ ರಟ್ಟು ಬಡಿದಿದ್ದಾರೆ. ನಮ್ಮ ಆಯಾ ಇನ್ನೂ ಅಲ್ಲೇ ಇದ್ದಾಳೆ, ಗುತ್ತಿಗೆಯಲ್ಲೇ. ನನ್ನ ಕೈ ಹಿಡಿದು ಬಾಗಿಲ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು. ಸ್ಲೇಟು ಅದೇ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ಮೇಲೆ ಬರೆದಿತ್ತು: ‘ಚಪ್ಪಲಿ ಹೊರಗೆ ಬಿಡಿ.’

– ನಿವೃತ್ತ ಓಟಿ ಸಿಸ್ಟರ್, ದಾವಣಗೆರೆ